ಉಜ್ಜಿದ ಮೇಲೆ ಪಾಲಿಶ್ ಆಯ್ತಾ? ಸೆರಾಮಿಕ್ ಕ್ಯಾಪ್ ಕಲೆಯಾಗದಂತೆ ನೋಡಿಕೊಳ್ಳುವ ಬಗೆ

ಮನೆಯಲ್ಲಿ ಹಳೇ ಉಪ್ಪಿನಕಾಯಿ ಭರಣಿ ಇದ್ದರೆ, ಖಾಲಿಯಾದಾಗ ಒಮ್ಮೆ ಮಗುಚಿ ನೋಡಿ. ಮೈಯೆಲ್ಲ ಗಾಜಿನ ಹಾಗೆ ನುಣುಪು. ಎಷ್ಟು ವರ್ಷ ಎಣ್ಣೆ, ಖಾರ, ಅರಿಶಿನ ಕಂಡಿದ್ದರೂ ಒಂದು ಸಲ ತೊಳೆದರೆ ಮತ್ತೆ ಮೊದಲಿನ ಹಾಗೆ. ಆದರೆ ತಳದಲ್ಲಿ ಉಂಗುರದಂಥ ಒಂದು ಅಂಚು ಇರುತ್ತದೆ. ಅಲ್ಲಿ ಗ್ಲೇಜ್, ಅಂದರೆ ಗಾಜಿನಂಥ ಲೇಪ, ಹಚ್ಚಿರುವುದಿಲ್ಲ, ಮುಟ್ಟಿದರೆ ಒರಟು. ಆ ಅಂಚಿನಲ್ಲಿ ಕೂತ ಎಣ್ಣೆಕಲೆ ಅಜ್ಜಿಯ ಕಾಲದಿಂದ ಹಾಗೇ ಇದೆ. ಮಣ್ಣು ಅದೇ, ಸುಟ್ಟ ಬೆಂಕಿಯೂ ಅದೇ. ಮೇಲ್ಮೈ ಮಾತ್ರ ಬೇರೆ.

ಹಲ್ಲಿನ ಮೇಲೆ ಕವಚದ ಹಾಗೆ ಕೂರಿಸುವ ಸೆರಾಮಿಕ್ ಕ್ಯಾಪಿನ ಕಥೆಯೂ ಹೆಚ್ಚುಕಡಿಮೆ ಇದೇ. ಸೆರಾಮಿಕ್ ಅನ್ನುವುದು ಬಟ್ಟೆಯ ಹಾಗೆ ಬಣ್ಣ ಹೀರುವುದಿಲ್ಲ. ಬಣ್ಣ ಕೂರುವುದು ಗೀರು, ಗುಳಿ, ಒರಟು ಜಾಗಗಳಲ್ಲಿ. ಅಂಥ ಜಾಗ ಕ್ಯಾಪಿನ ಮೇಲೆ ಹೇಗೆ ಬರುತ್ತದೆ? ಬಹಳ ಸಲ ನಮ್ಮ ಕೈಯಿಂದಲೇ, ಅಂದರೆ ಹಲ್ಲಿನ ಡಾಕ್ಟರ ಕೈಯಿಂದಲೇ.

ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಕ್ಲಿನಿಕ್ ಶುರು ಮಾಡಿದ ಹೊಸದರಲ್ಲಿ ಒಬ್ಬ ಟೀಚರಿಗೆ ಮೇಲಿನ ಸಾಲಿನ ಹಲ್ಲೊಂದಕ್ಕೆ ಸೆರಾಮಿಕ್ ಕ್ಯಾಪ್ ಕೂರಿಸಿದೆ. ಕಚ್ಚಿದಾಗ ಸ್ವಲ್ಪ ಎತ್ತರ ಅನಿಸಿತು ಅಂದರು. ಬರ್, ಅಂದರೆ ಗಿರಗಿರ ತಿರುಗಿ ಉಜ್ಜುವ ತುದಿ, ಹಿಡಿದು ಉಜ್ಜಿದೆ. ಹೊರಗೆ ನಾಲ್ಕು ಜನ ಕಾಯುತ್ತಿದ್ದರು. ರಬ್ಬರ್ ಪಾಲಿಶರನ್ನು ಹತ್ತು ಸೆಕೆಂಡ್ ಆಡಿಸಿ ಕಳಿಸಿಬಿಟ್ಟೆ. ವರ್ಷ ತುಂಬುವ ಮುಂಚೆ ಅವರು ವಾಪಸ್ ಬಂದರು. ಉಜ್ಜಿದ ಜಾಗದಲ್ಲೇ, ನಕ್ಷೆ ಬರೆದ ಹಾಗೆ, ಕಂದು ಕಲೆ. "ಕಾಫಿ ಬಿಟ್ಟುಬಿಡ್ಲಾ ಡಾಕ್ಟ್ರೇ?" ಅಂತ ಕೇಳಿದರು. ಅಕ್ಕಪಕ್ಕದ ಹಲ್ಲುಗಳೂ ಅದೇ ಕಾಫಿ ಕುಡಿದಿದ್ದವು, ಅವು ಚೆನ್ನಾಗೇ ಇದ್ದವು. ಅವತ್ತು ಕಾಲು ಗಂಟೆ ಕೂತು ಸರಿಯಾಗಿ ಪಾಲಿಶ್ ಮಾಡಿದೆ. ಕಲೆ ಹೋಯಿತು, ಮತ್ತೆ ಬರಲಿಲ್ಲ. ಅವರು ಕಾಫಿಯನ್ನೂ ಬಿಡಲಿಲ್ಲ.

ಈ ಲೇಖನ ಕ್ಯಾಪ್, ವೆನಿಯರ್ (ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಬಿಲ್ಲೆ) ಅಥವಾ ಬ್ರಿಡ್ಜ್ (ಇಲ್ಲದ ಹಲ್ಲಿನ ಜಾಗ ತುಂಬಲು ಜೋಡಿಸಿದ ಕ್ಯಾಪುಗಳು) ಹಾಕಿಸಿಕೊಳ್ಳುವವರಿಗೆ. ಯಾವ ಹಂತದಲ್ಲಿ ಏನು ಕೇಳಬೇಕು, ಏನು ಗಮನಿಸಬೇಕು ಅನ್ನುವುದನ್ನು ಸಾಲಾಗಿ ಹೇಳುತ್ತೇನೆ. ಹೊಸದಾಗಿ ಕ್ಲಿನಿಕ್ ತೆರೆದ ಡಾಕ್ಟರುಗಳು ಓದಿದರೂ ಬೇಜಾರಿಲ್ಲ.

ಮೊದಲ ಹೆಜ್ಜೆ: ಕ್ಯಾಪ್ ಯಾವುದರದ್ದು ಅಂತ ತಿಳಿದುಕೊಳ್ಳಿ

"ಸೆರಾಮಿಕ್ ಕ್ಯಾಪ್" ಅಂದರೆ ಒಂದೇ ವಸ್ತು ಅಲ್ಲ. ಹಳೇ ಬಗೆಯದು ಒಳಗೆ ಲೋಹ, ಮೇಲೆ ಪೋರ್ಸಲಿನ್. ಈಗಲೂ ಹೆಚ್ಚು ಖರ್ಚಿಲ್ಲದೆ ಆಗುವುದು ಇದೇ. ಆಮೇಲೆ ಲೋಹವೇ ಇಲ್ಲದ ಲಿಥಿಯಂ ಡೈಸಿಲಿಕೇಟ್. ಇದು ಗಾಜಿನ ಜಾತಿಯ ಸೆರಾಮಿಕ್, ಬೆಳಕು ಒಳಗೆ ಹಾಯುತ್ತದೆ, ಅದಕ್ಕೇ ಮುಂದಿನ ಹಲ್ಲಿಗೆ ಚೆನ್ನ. ಮೂರನೆಯದು ಜಿರ್ಕೋನಿಯಾ. ಎಲ್ಲಕ್ಕಿಂತ ಗಟ್ಟಿ, ದವಡೆ ಹಲ್ಲಿಗೆ ಈಗ ಇದರದ್ದೇ ಕಾಲ. ಇವು ಮೂರೂ ನುಣುಪಾಗಿದ್ದರೆ ಕಲೆಗೆ ಸುಲಭವಾಗಿ ಬಗ್ಗುವುದಿಲ್ಲ.

ನಾಲ್ಕನೆಯದು ಹೈಬ್ರಿಡ್ ಸೆರಾಮಿಕ್. ಕಂಪ್ಯೂಟರ್ ಮೆಷಿನ್ನಿನಲ್ಲಿ ಕಡೆದು ಅದೇ ದಿನ ಕೂರಿಸುವ ಕಡೆ ಇದು ಸಿಗುತ್ತದೆ. ಇದರಲ್ಲಿ ಸೆರಾಮಿಕ್ ಜೊತೆ ಪ್ಲಾಸ್ಟಿಕ್ ಜಾತಿಯ ರೆಸಿನ್ ಸೇರಿರುತ್ತದೆ. ವೀಟಾ ಎನಾಮಿಕ್ ಅನ್ನುವ ಬ್ಲಾಕಿನಲ್ಲಿ ತೂಕದ ಲೆಕ್ಕಕ್ಕೆ ಸುಮಾರು 86 ಪಾಲು ಸೆರಾಮಿಕ್, 14 ಪಾಲು ರೆಸಿನ್. ಈ ರೆಸಿನ್ ಸ್ವಲ್ಪ ನೀರು ಹೀರುತ್ತದೆ, ನೀರಿನ ಜೊತೆ ಬಣ್ಣವೂ ಹೋಗುತ್ತದೆ. ಇದನ್ನು ಒಲೆಯಲ್ಲಿಟ್ಟು ಗ್ಲೇಜ್ ಮಾಡಲೂ ಆಗುವುದಿಲ್ಲ, ರೆಸಿನ್ ಸುಟ್ಟುಹೋಗುತ್ತದೆ. ಹಾಗಾಗಿ ಇದರ ಪಾಲಿಗೆ ಪಾಲಿಶೇ ದೊಡ್ಡ ಕಾವಲು. ದಿನಕ್ಕೆ ಐದಾರು ಲೋಟ ಟೀ ಕುಡಿಯುವವರಾದರೆ ಮುಂದಿನ ಹಲ್ಲಿಗೆ ಹೈಬ್ರಿಡ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಬಹಳ ಸಲ ಕ್ಯಾಪ್ ತಯಾರಿಸುವ ಲ್ಯಾಬಿನಿಂದ ಅದರ ಜೊತೆ ಒಂದು ಕಾರ್ಡ್ ಬರುತ್ತದೆ. ಅದನ್ನು ಕೇಳಿ ಇಸಿದುಕೊಳ್ಳಿ. ವಸ್ತುವಿನ ಹೆಸರು, ಶೇಡ್ (ಬಣ್ಣದ ಛಾಯೆ) ನಂಬರ್ ಅದರಲ್ಲಿರುತ್ತದೆ. ನಾಳೆ ಬೇರೆ ಊರಿನಲ್ಲಿ ಬೇರೆ ಡಾಕ್ಟರ ಹತ್ತಿರ ಹೋದರೆ ಅವರಿಗೆ ಯಾವ ಪಾಲಿಶರ್ ಎತ್ತಿಕೊಳ್ಳಬೇಕು ಅನ್ನುವುದು ಆ ಕಾರ್ಡಿನಿಂದಲೇ ಗೊತ್ತಾಗುವುದು.

ಎರಡನೇ ಹೆಜ್ಜೆ: ಹೊಳಪು ಎಲ್ಲಿಂದ ಬಂದಿದೆ ಅಂತ ಕೇಳಿ

ಕ್ಯಾಪಿಗೆ ಹೊಳಪು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗ್ಲೇಜ್. ಲ್ಯಾಬಿನಲ್ಲಿ ಕ್ಯಾಪಿನ ಮೇಲೆ ಗಾಜಿನ ಪುಡಿಯ ತೆಳು ಲೇಪ ಹಚ್ಚಿ ಒಲೆಯಲ್ಲಿ ಕಾಯಿಸುತ್ತಾರೆ. ಆ ಪುಡಿ ಕರಗಿ ಸಣ್ಣಪುಟ್ಟ ಗುಳಿಗಳನ್ನೆಲ್ಲ ತುಂಬಿ ಗಾಜಿನ ಪರದೆಯಾಗುತ್ತದೆ. ಭರಣಿಗೆ ಮಾಡುವ ಕೆಲಸವೇ, ಚಿಕ್ಕ ಪ್ರಮಾಣದಲ್ಲಿ. ಇನ್ನೊಂದು ದಾರಿ ಪಾಲಿಶ್. ಅಲ್ಲಿ ಮೇಲೆ ಏನೂ ಹಚ್ಚುವುದಿಲ್ಲ. ಕ್ಯಾಪಿನ ಮೈಯನ್ನೇ ಡೈಮಂಡ್ ಪುಡಿಯಿಂದ ಹಂತಹಂತವಾಗಿ ತೀಡಿ ನುಣುಪು ಮಾಡುತ್ತಾರೆ.

ಗ್ಲೇಜ್ ನೋಡಲು ಚೆಂದ. ಆದರೆ ತೆಳು. ದವಡೆ ಹಲ್ಲಿನಲ್ಲಿ ಅಗಿದು ಅಗಿದು ಅದು ಸವೆಯುತ್ತದೆ. ಸವೆದ ಮೇಲೆ ಕೆಳಗಿನ ಮೈ ಹೊರಗೆ ಬರುತ್ತದೆ. ಆ ಮೈ ಒರಟಾಗಿದ್ದರೆ ಕಲೆ ಅಲ್ಲಿಂದ ಶುರು. ಜಿರ್ಕೋನಿಯಾದಲ್ಲಿ ಇನ್ನೊಂದು ತೊಂದರೆ ಇದೆ. ಒರಟು ಜಿರ್ಕೋನಿಯಾ ಎದುರಿನ ಹಲ್ಲನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಚೆನ್ನಾಗಿ ಪಾಲಿಶ್ ಆದ ಜಿರ್ಕೋನಿಯಾ ಎದುರಿನ ಹಲ್ಲಿಗೆ ಬರೀ ಗ್ಲೇಜ್ ಮಾಡಿದ್ದಕ್ಕಿಂತ ಕಡಿಮೆ ಕಾಟ ಕೊಡುತ್ತದೆ. ಹಾಗಾಗಿ ದವಡೆ ಕ್ಯಾಪ್ ಆದರೆ, "ಮೊದಲು ಪಾಲಿಶ್ ಮಾಡಿ, ಬೇಕಿದ್ದರೆ ಆಮೇಲೆ ಗ್ಲೇಜ್" ಅಂತ ಲ್ಯಾಬಿಗೆ ಬರೆದು ಕಳಿಸುವುದು ಒಳ್ಳೆಯದು. ನಾನು ಹಾಗೇ ಬರೆಯುತ್ತೇನೆ.

ಮುಂದಿನ ಹಲ್ಲಿನಲ್ಲಿ ಗಮನಿಸಬೇಕಾದ ವಿಷಯ ಬೇರೆ. ನಿಜವಾದ ಹಲ್ಲಿನ ಹಾಗೆ ಕಾಣಲಿ ಅಂತ ಟೆಕ್ನಿಶಿಯನ್ ಕ್ಯಾಪಿನ ಮೇಲೆ ಸಣ್ಣ ಕುಂಚದಿಂದ ಬಣ್ಣ ಹಚ್ಚುತ್ತಾರೆ. ಬುಡದ ಕಡೆ ಸ್ವಲ್ಪ ಹಳದಿ, ತುದಿಯಲ್ಲಿ ಸ್ವಲ್ಪ ಬೂದು. ಆ ಬಣ್ಣ ಗ್ಲೇಜಿನ ಪರದೆಯೊಳಗೇ ಕೂತಿರುತ್ತದೆ. ಗ್ಲೇಜ್ ಉಜ್ಜಿದರೆ ಬಣ್ಣವೂ ಹೋಯಿತು. ಕೆಲವರು "ಕ್ಯಾಪ್ ಒಂದು ಕಡೆ ಬಿಳಚಿಕೊಂಡಿದೆ" ಅಂತ ಬರುತ್ತಾರೆ. ಅದು ಕಲೆಯ ಉಲ್ಟಾ ಕಥೆ.

ಮೂರನೇ ಹೆಜ್ಜೆ: ಸಿಮೆಂಟ್ ಹಾಕುವ ಮುಂಚೆಯೇ ಕಚ್ಚಿ ನೋಡಿ

ಇದು ಚಿಕ್ಕ ಹೆಜ್ಜೆ, ಆದರೆ ಬಿಡಬೇಡಿ. ಸಿಮೆಂಟ್ ಹಾಕುವ ಮುಂಚೆ ಕ್ಯಾಪ್ ಬರೀ ಕೂರಿಸಿ ನೋಡುತ್ತಾರಲ್ಲ, ಆಗಲೇ ಸರಿಯಾಗಿ ಕಚ್ಚಿ, ಆ ಕಡೆ ಈ ಕಡೆ ದವಡೆ ಆಡಿಸಿ. ಎತ್ತರ ಅನಿಸಿದರೆ ಬಾಯಿ ಬಿಟ್ಟು ಹೇಳಿ. "ಆಮೇಲೆ ಅಡ್ಜಸ್ಟ್ ಆಗುತ್ತೆ" ಅಂತ ಸುಮ್ಮನಾಗಬೇಡಿ. ಈ ಹಂತದಲ್ಲಿ ಉಜ್ಜಿದರೆ ಕ್ಯಾಪನ್ನು ಲ್ಯಾಬಿಗೆ ವಾಪಸ್ ಕಳಿಸಿ ಮತ್ತೆ ಪಾಲಿಶ್, ಮತ್ತೆ ಗ್ಲೇಜ್ ಮಾಡಿಸಬಹುದು. ಒಂದೆರಡು ದಿನ ತಡವಾಗುತ್ತದೆ, ಅಷ್ಟೇ. ಸಿಮೆಂಟ್ ಗಟ್ಟಿಯಾದ ಮೇಲೆ ಕ್ಯಾಪ್ ಒಲೆಗೆ ಹೋಗುವುದಿಲ್ಲ. ಆಗ ಉಳಿದಿರುವ ದಾರಿ ಬಾಯಲ್ಲೇ ಪಾಲಿಶ್ ಮಾಡುವುದು.

ಒಂದು ಅಪವಾದ ಇದೆ. ತೆಳುವಾದ ವೆನಿಯರ್, ಇನ್‌ಲೇ (ಹಲ್ಲಿನ ಗುಳಿಯೊಳಗೆ ಕೂರಿಸುವ ತುಂಡು) ಥರದ್ದನ್ನು ಅಂಟಿಸುವ ಮುಂಚೆ ಜೋರಾಗಿ ಕಚ್ಚಿದರೆ ಒಡೆದುಹೋಗಬಹುದು. ಅವನ್ನು ಅಂಟಿಸಿದ ಮೇಲೆಯೇ ಬೈಟ್ ನೋಡಬೇಕು. ಅಂದರೆ ಅವುಗಳಿಗೆ ಬಾಯೊಳಗಿನ ಪಾಲಿಶ್ ತಪ್ಪಿದ್ದಲ್ಲ.

ನಾಲ್ಕನೇ ಹೆಜ್ಜೆ: ಉಜ್ಜಿದ ಮೇಲೆ ಏನಾಗುತ್ತದೆ ಅಂತ ಕಣ್ಣಿಡಿ

ಎಲ್ಲಾ ತೀರ್ಮಾನವಾಗುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೋಗೋಣ.

ಡಾಕ್ಟರ್ ನೀಲಿ ಅಥವಾ ಕೆಂಪು ಕಾಗದ ಕಚ್ಚಿಸುತ್ತಾರೆ. ಎತ್ತರ ಇರುವ ಜಾಗದಲ್ಲಿ ಚುಕ್ಕೆ ಬೀಳುತ್ತದೆ. ಆ ಚುಕ್ಕೆಯನ್ನು ಡೈಮಂಡ್ ಬರ್ ಹಿಡಿದು ಉಜ್ಜುತ್ತಾರೆ. ಬರಿನ ಕತ್ತಿನಲ್ಲಿ ಬಣ್ಣದ ಪಟ್ಟಿ ಇರುತ್ತದೆ. ಹಸಿರು ಪಟ್ಟಿ ದಪ್ಪ ಕಾಳಿನದು, ನೀಲಿ ಮಧ್ಯಮ, ಕೆಂಪು ಸಣ್ಣ, ಹಳದಿ ಇನ್ನೂ ಸಣ್ಣ. ನೀಲಿ ಬರಿನ ಡೈಮಂಡ್ ಕಾಳು 100 ಮೈಕ್ರಾನ್ ಆಸುಪಾಸು. ಕೆಂಪಿನದು ಸುಮಾರು 40, ಹಳದಿಯದು ಸುಮಾರು 25. ನಮ್ಮ ತಲೆಕೂದಲ ದಪ್ಪ ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಂಡರೆ ಅಂದಾಜು ಸಿಗುತ್ತದೆ. ಕ್ಯಾಪ್ ಬಾಯಲ್ಲಿ ಉಜ್ಜಲು ಕೆಂಪು ಅಥವಾ ಹಳದಿ ಪಟ್ಟಿಯೇ ಸರಿ, ಅದೂ ನೀರು ಬಿಟ್ಟುಕೊಂಡು, ಕೈ ಹಗುರ ಇಟ್ಟು. ಹಸಿರು ಪಟ್ಟಿ ಹಿಡಿದರೆ ಬೇಗ ಆಗುತ್ತದೆ ನಿಜ, ಆದರೆ ಅದು ಬಿಟ್ಟುಹೋದ ಗೀರನ್ನು ಅಳಿಸಲು ಇನ್ನೂ ಜಾಸ್ತಿ ಹೊತ್ತು ಬೇಕು.

ಎಷ್ಟು ನುಣುಪಾದರೆ ಸಾಕು? ಇದಕ್ಕೆ ಒಂದು ಹೆಸರಾಂತ ಅಂಕಿ ಇದೆ: 0.2 ಮೈಕ್ರಾನ್. ಮೇಲ್ಮೈಯ ಏರುತಗ್ಗಿನ ಸರಾಸರಿ ಇದಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಅಂಟುವುದು ಇನ್ನೇನೂ ಕಡಿಮೆಯಾಗುವುದಿಲ್ಲ, ಅದಕ್ಕಿಂತ ಮೇಲೇರಿದರೆ ಪ್ಲಾಕ್, ಅಂದರೆ ಬ್ಯಾಕ್ಟೀರಿಯಾದ ಅಂಟು ಪದರ, ಕೂರುವುದು ಹೆಚ್ಚುತ್ತದೆ. 1997ರಲ್ಲಿ ಬೆಲ್ಜಿಯಂ ಸಂಶೋಧಕರು ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿ ಹೇಳಿದ ಮಾತು ಇದು. ಪ್ಲಾಕ್ ಕೂತ ಕಡೆ ಬಣ್ಣವೂ ಕೂರುತ್ತದೆ. ಈ ಅಂಕಿ ಎಷ್ಟು ಸಣ್ಣದು ಅಂದರೆ, ಕೂದಲ ದಪ್ಪದ 350ನೇ ಒಂದು ಪಾಲು. ಬರೀ ಕಣ್ಣಿಗೆ ಇದು ಕಾಣುವುದಿಲ್ಲ. ನಾಲಿಗೆ ಇನ್ನೂ ಚುರುಕು. ಅರ್ಧ ಮೈಕ್ರಾನಿನ ಒರಟುತನವನ್ನು ನಾಲಿಗೆ ಹೇಳಿಬಿಡುತ್ತದೆ. ಮೀನಿನ ಮುಳ್ಳು, ಅನ್ನದ ಕಲ್ಲು ಹುಡುಕುವ ನಾಲಿಗೆ ಅಲ್ವಾ.

ಅಲ್ಲಿಗೆ ತಲುಪುವುದು ಹೇಗೆ? ಮನೆಗೆ ಮೊಸಾಯಿಕ್ ನೆಲ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೆಷಿನ್ನಿನವನು ಮೊದಲು ದಪ್ಪ ಕಲ್ಲು ಹಾಕಿ ತಿರುಗಿಸುತ್ತಾನೆ. ಆಮೇಲೆ ಅದಕ್ಕಿಂತ ಸಣ್ಣದು, ಆಮೇಲೆ ಇನ್ನೂ ಸಣ್ಣದು. ಪ್ರತಿ ಕಲ್ಲಿನ ನಡುವೆ ನೆಲ ತೊಳೆಯುತ್ತಾನೆ. ಕೊನೆಗೆ ಪುಡಿ ಹಾಕಿ ಹೊಳಪು ತರುತ್ತಾನೆ. ನಡುವೆ ಒಂದು ಕಲ್ಲು ಹಾರಿಸಿದರೆ ನೆಲ ಹೊಳೆಯುತ್ತದೆ, ಆದರೆ ಸಂಜೆ ಬಿಸಿಲು ಅಡ್ಡಲಾಗಿ ಬಿದ್ದಾಗ ಸುತ್ತು ಸುತ್ತಿನ ಗೀರೆಲ್ಲ ಕಾಣುತ್ತದೆ.

ಕ್ಯಾಪಿಗೂ ಅದೇ ಕ್ರಮ. ಬರ್ ಆದ ಮೇಲೆ ಡೈಮಂಡ್ ಪುಡಿ ಬೆರೆಸಿದ ರಬ್ಬರ್ ತುದಿಗಳು ಬರುತ್ತವೆ. ಮೊದಲು ಒರಟು, ಆಮೇಲೆ ಮಧ್ಯಮ, ಆಮೇಲೆ ನಯ. ಕೆಲವು ಕಂಪನಿಗಳ ಸೆಟ್ಟಿನಲ್ಲಿ ಮೂರು, ಕೆಲವದರಲ್ಲಿ ಎರಡು. ಒಂದೊಂದು ತುದಿಗೂ ಅರ್ಧದಿಂದ ಒಂದು ನಿಮಿಷ ಕೊಡಬೇಕು. ನಡುನಡುವೆ ನೀರು ಬಿಟ್ಟು ತೊಳೆಯಬೇಕು. ಇಲ್ಲದಿದ್ದರೆ ಹಿಂದಿನ ಹಂತದ ದಪ್ಪ ಕಾಳೇ ಮುಂದಿನ ಹಂತದಲ್ಲಿ ಗೀರು ಹಾಕುತ್ತಾ ಹೋಗುತ್ತದೆ. ಒತ್ತುವುದು ಬೇಡ. ಒತ್ತಿದರೆ ಬಿಸಿಯಾಗುತ್ತದೆ, ರಬ್ಬರೂ ಹಾಳು. ಕೊನೆಯಲ್ಲಿ ಬ್ರಷ್ ಅಥವಾ ಫೆಲ್ಟಿಗೆ ಡೈಮಂಡ್ ಪೇಸ್ಟ್ ಹಚ್ಚಿ ಮುಗಿಸಬಹುದು. ಮೊದಲಿನ ಹಂತಗಳು ಆಗದೆ ಬರೀ ಪೇಸ್ಟ್ ಹಚ್ಚಿದರೆ ಒರಟು ಜಾಗಕ್ಕೆ ಎಣ್ಣೆ ಸವರಿದ ಹಾಗೆ. ಹೊಳಪು ಬರುತ್ತದೆ, ನುಣುಪು ಬರುವುದಿಲ್ಲ.

ಒಂದು ಗುಟ್ಟು. ಸಿಮೆಂಟ್ ತುಂಬುವ ಫಿಲ್ಲಿಂಗಿಗೆ ಬಳಸುವ ಪಾಲಿಶರನ್ನೇ ಜಿರ್ಕೋನಿಯಾ ಮೇಲೂ ಆಡಿಸುವವರಿದ್ದಾರೆ. ಅದು ಕಡಪ ಕಲ್ಲನ್ನು ಸೋಪಿನಿಂದ ತೀಡಿದ ಹಾಗೆ. ಜಿರ್ಕೋನಿಯಾಕ್ಕೆ ಅದರದ್ದೇ ಪಾಲಿಶರ್ ಇದೆ, ಡೈಮಂಡ್ ಹೆಚ್ಚಿರುವಂಥದ್ದು. ಮೊದಲ ಹೆಜ್ಜೆಯಲ್ಲಿ ಹೇಳಿದ ಕಾರ್ಡ್ ಇಲ್ಲಿ ಕೆಲಸಕ್ಕೆ ಬರುತ್ತದೆ.

ನೀವೇ ಮಾಡಬಹುದಾದ ಪರೀಕ್ಷೆಗಳೂ ಇವೆ. ಕಚ್ಚಿಸಿದ ಕಾಗದದ ನೀಲಿ ಬಣ್ಣ ಕೊನೆಗೆ ಹತ್ತಿಯಿಂದ ಒರೆಸಿದಾಗ ಪೂರ್ತಿ ಹೋಯಿತಾ ಅಂತ ಕನ್ನಡಿಯಲ್ಲಿ ನೋಡಿ. ನುಣುಪಾದ ಸೆರಾಮಿಕ್ ಮೇಲಿನ ನೀಲಿ ಸುಲಭವಾಗಿ ಒರೆಸಿಹೋಗುತ್ತದೆ. ಒರಟು ಜಾಗದಲ್ಲಿ ನೆರಳಿನ ಹಾಗೆ ಉಳಿಯುತ್ತದೆ. ಕಾಗದದ ನೀಲಿಯೇ ಉಳಿದ ಕಡೆ ಕಾಫಿ ಉಳಿಯದೆ ಇರುತ್ತದೆಯೇ? ಆಮೇಲೆ ನಾಲಿಗೆ ಆಡಿಸಿ. ಪಕ್ಕದ ಹಲ್ಲಿಗೂ ಕ್ಯಾಪಿಗೂ ನಾಲಿಗೆಗೆ ವ್ಯತ್ಯಾಸ ಗೊತ್ತಾಗಬಾರದು. ಅರಿವಳಿಕೆ ಇಂಜೆಕ್ಷನ್ ಕೊಟ್ಟಿದ್ದರೆ ಅವತ್ತು ನಾಲಿಗೆಯನ್ನು ನಂಬಬೇಡಿ, ಮಾರನೇ ದಿನ ನೋಡಿ.

ಕೇಳುವುದು ಹೇಗೆ ಅಂತ ಮುಜುಗರ ಬೇಡ. "ಡಾಕ್ಟ್ರೇ, ಉಜ್ಜಿದ ಜಾಗಕ್ಕೆ ಪಾಲಿಶ್ ಆಯ್ತಾ? ನಾಲಿಗೆಗೆ ಸ್ವಲ್ಪ ತರಿ ತರಿ ಅನ್ಸುತ್ತೆ." ಇಷ್ಟೇ ಸಾಕು. ಒಳ್ಳೆಯ ಡಾಕ್ಟರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಬಂದರೂ ಪಾಲಿಶ್ ಮಾಡಿಯೇ ಮಾಡುತ್ತಾರೆ.

ಐದನೇ ಹೆಜ್ಜೆ: ಬಣ್ಣ ಹಚ್ಚುವವರು ಯಾರು ಅಂತ ಗುರುತಿಸಿ

ಸಂಶೋಧನೆಯ ಲ್ಯಾಬಿನಲ್ಲಿ ಸೆರಾಮಿಕ್ ಕಲೆಯಾಗುವುದನ್ನು ಪರೀಕ್ಷಿಸುವವರಿಗೆ ಅತಿ ಪ್ರಿಯವಾದ ದ್ರವ ಕಾಫಿ. ಚೂರುಗಳನ್ನು ಕಾಫಿಯಲ್ಲಿ ಮುಳುಗಿಸಿಟ್ಟು ಮೊದಲೂ ಆಮೇಲೂ ಬಣ್ಣ ಅಳೆಯುತ್ತಾರೆ. ಒಂದು ಲೋಟ ಕುಡಿಯಲು 15 ನಿಮಿಷ, ದಿನಕ್ಕೆ ಮೂರು ಚಿಲ್ಲರೆ ಲೋಟ ಅಂತ ಲೆಕ್ಕ ಹಿಡಿದು, 24 ಗಂಟೆ ಮುಳುಗಿಸಿದರೆ ಒಂದು ತಿಂಗಳ ಕಾಫಿಗೆ ಸಮ ಅನ್ನುತ್ತಾರೆ. ನಮ್ಮ ಕಡೆ ಲೋಟ ಡಬರಿಯಲ್ಲಿ ಎರಡು ನಿಮಿಷದಲ್ಲಿ ಮುಗಿಸುವವರೂ ಇದ್ದಾರೆ, ಪೇಪರ್ ಓದುತ್ತಾ ಅರ್ಧ ಗಂಟೆ ಎಳೆಯುವವರೂ ಇದ್ದಾರೆ. ಹಾಗಾಗಿ ಈ ಲೆಕ್ಕವನ್ನು ಅಂದಾಜು ಅಂತಷ್ಟೇ ತಗೊಳ್ಳಿ. ಬಾಯಲ್ಲಿ ಎಂಜಲು ಹರಿಯುತ್ತದೆ, ಬ್ರಷ್ ಬೀಳುತ್ತದೆ. ಬಾಟಲಿಯಲ್ಲಿ ಮುಳುಗಿದ ಚೂರಿಗೆ ಅದಿಲ್ಲ.

ಬಣ್ಣದ ವ್ಯತ್ಯಾಸವನ್ನು ಡೆಲ್ಟಾ ಇ ಅನ್ನುವ ಅಂಕಿಯಲ್ಲಿ ಹೇಳುತ್ತಾರೆ. ಹೊಸ ಸೂತ್ರದ ಪ್ರಕಾರ 0.8 ದಾಟಿದರೆ ನೋಡುವವರಲ್ಲಿ ಅರ್ಧದಷ್ಟು ಜನರ ಕಣ್ಣಿಗೆ ಬೀಳುತ್ತದೆ. 1.8 ದಾಟಿದರೆ ಅರ್ಧದಷ್ಟು ಜನ "ಇದು ಸರಿಯಿಲ್ಲ" ಅನ್ನುತ್ತಾರೆ. ಅದೇ ವಸ್ತು, ಅದೇ ಕಾಫಿ ಇದ್ದರೂ ಉಜ್ಜಿ ಹಾಗೇ ಬಿಟ್ಟ ಚೂರು ಗ್ಲೇಜ್ ಮಾಡಿದ್ದಕ್ಕಿಂತ, ಪಾಲಿಶ್ ಮಾಡಿದ್ದಕ್ಕಿಂತ ಜಾಸ್ತಿ ಬಣ್ಣ ಹಿಡಿಯುವುದು ಇಂಥ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಗ್ಲೇಜ್ ಮೇಲೋ ಪಾಲಿಶ್ ಮೇಲೋ ಅನ್ನುವ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ವಸ್ತು, ಪಾಲಿಶ್ ಸೆಟ್, ಹಿಡಿದ ಕೈ ಎಲ್ಲದರ ಮೇಲೂ ಅದು ನಿಂತಿದೆ.

ಕಾಫಿ ಟೀ ಬಿಟ್ಟರೆ ನಮ್ಮ ಅಡುಗೆಯ ಅರಿಶಿನ ಇದೆ. ಅದರ ಹಳದಿ ರೆಸಿನ್ ಇರುವ ವಸ್ತುಗಳನ್ನು ಬೇಗ ಹಿಡಿಯುತ್ತದೆ. ಎಲೆ ಅಡಿಕೆ ಸುಣ್ಣದ ಕೆಂಪು ಒರಟು ಜಾಗಕ್ಕೆ ಮೊಂಡು ಕಲೆ ಹಾಕುತ್ತದೆ. ಆದರೆ ಅಡಿಕೆ ಜಗಿಯುವವರಿಗೆ ಕಲೆಯ ಚಿಂತೆ ಕೊನೆಯದಾಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿದೆ.

ಯಾರೂ ಅನುಮಾನಪಡದ ಒಬ್ಬ ಆರೋಪಿ ಇದ್ದಾನೆ, ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್. ಒಸಡಿಗೆ ಡಾಕ್ಟರೇ ಬರೆದುಕೊಡುವ ಔಷಧಿ. ಕೆಲವು ವಾರ ಬಿಡದೆ ಬಳಸಿದರೆ ಹಲ್ಲು, ಕ್ಯಾಪ್, ನಾಲಿಗೆ ಎಲ್ಲ ಕಂದಾಗುತ್ತದೆ. ಅದು ಕಾಫಿ ಟೀಯ ಬಣ್ಣವನ್ನು ಹಲ್ಲಿನ ಮೇಲೆ ಹಿಡಿದು ಕೂರಿಸುತ್ತದೆ. ಬರೆದುಕೊಟ್ಟಷ್ಟು ದಿನ ಮಾತ್ರ ಬಳಸಿ. ಬಾಯಿ ಮುಕ್ಕಳಿಸಿದ ತಕ್ಷಣ ಕಾಫಿ ಕುಡಿಯಬೇಡಿ. ಕಬ್ಬಿಣದ ಟಾನಿಕ್ ಕೂಡ ಕಲೆ ಹಾಕುತ್ತದೆ, ಅದನ್ನು ಕುಡಿಯುವವರು ಸ್ಟ್ರಾ ಹಾಕಿ ಕುಡಿಯಲಿ.

ಆರನೇ ಹೆಜ್ಜೆ: ನುಣುಪನ್ನು ಮನೆಯಲ್ಲಿ ಹಾಳು ಮಾಡಬೇಡಿ

ಮೃದು ಬ್ರಷ್, ಸಾಮಾನ್ಯ ಪೇಸ್ಟ್, ಕಾಫಿ ಆದ ಮೇಲೆ ಒಂದು ಗುಟುಕು ನೀರು. ಇದು ಸಾಕು. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ, "ಒಂದೇ ವಾರದಲ್ಲಿ ಬಿಳುಪು" ಅನ್ನುವ ಹಲ್ಲುಪುಡಿ ಇವೆಲ್ಲ ತರಿ ಜಾಸ್ತಿ ಇರುವಂಥವು. ದಿನಾ ಉಜ್ಜಿದರೆ ಗ್ಲೇಜ್ ಬೇಗ ಸವೆಯುತ್ತದೆ, ಅದಕ್ಕಿಂತ ಮೊದಲು ಸ್ವಂತ ಹಲ್ಲು ಸವೆಯುತ್ತದೆ. ಮೊಬೈಲಿನಲ್ಲಿ ಓಡಾಡುವ ನಿಂಬೆ, ಅಡುಗೆ ಸೋಡಾ ಉಪಾಯವೂ ಬೇಡ.

ಬ್ಲೀಚಿಂಗ್ ಮಾಡಿಸಿದರೆ ಸ್ವಂತ ಹಲ್ಲು ಬೆಳ್ಳಗಾಗುತ್ತದೆ, ಕ್ಯಾಪ್ ಆಗುವುದಿಲ್ಲ. ಹಾಗಾಗಿ ಬ್ಲೀಚಿಂಗ್ ಬೇಕಿದ್ದರೆ ಮೊದಲೇ ಮಾಡಿಸಿ, ಎರಡು ವಾರ ಕಾದು, ಬಣ್ಣ ನಿಂತ ಮೇಲೆ ಕ್ಯಾಪಿನ ಶೇಡ್ ಆರಿಸಿ. ಉಲ್ಟಾ ಮಾಡಿದರೆ ಕ್ಯಾಪ್ ಒಂದೇ ಹಳದಿಯಾಗಿ ಎದ್ದು ಕಾಣುತ್ತದೆ, ಆಮೇಲೆ "ಕ್ಯಾಪ್ ಕಲೆಯಾಯಿತು" ಅಂತ ಬೈಯುತ್ತೀರಿ.

ಹಲ್ಲು ಕ್ಲೀನ್ ಮಾಡಿಸಲು ಕೂತಾಗ ಕ್ಯಾಪ್ ಎಲ್ಲಿದೆ ಅಂತ ಮೊದಲೇ ಹೇಳಿ. ಹಲ್ಲಿನ ಗಾರೆ ತೆಗೆಯುವ, ಕಂಪಿಸುವ ಸ್ಕೇಲರಿನ ಲೋಹದ ತುದಿ ಸೆರಾಮಿಕ್ ಮೇಲೆ ನೇರ ಬಿದ್ದರೆ ಗೀರು, ಚಕ್ಕೆ ಎರಡೂ ಆಗಬಹುದು. ಸೋಡಾ ಪುಡಿ ಚಿಮ್ಮಿಸುವ ಮೆಷಿನ್ ಕೂಡ ಹೊಳಪು ಕುಂದಿಸುತ್ತದೆ. ಫ್ಲೋರೈಡ್ ಜೆಲ್ ಹಚ್ಚುವುದಾದರೆ ಆಮ್ಲೀಯ ಜೆಲ್ ಬೇಡ, ನ್ಯೂಟ್ರಲ್ ಜೆಲ್ ಇದೆಯಾ ಅಂತ ಕೇಳಿ. 1.23 ಪ್ರತಿಶತದ ಆಮ್ಲೀಯ ಫ್ಲೋರೈಡ್ ಜೆಲ್ ಪೋರ್ಸಲಿನ್ನಿನ ಗಾಜಿನ ಮೈಯನ್ನು ಕೊರೆಯುತ್ತದೆ. ವೆನಿಯರ್ ಅಂಟಿಸುವ ಮುಂಚೆ ಅದರ ಒಳಮೈಯನ್ನು ಒರಟು ಮಾಡಲು ನಾವು ಬಳಸುವುದೂ ಫ್ಲೋರಿನ್ ಇರುವ ಆಮ್ಲವನ್ನೇ, ಹೈಡ್ರೋಫ್ಲೋರಿಕ್ ಆಮ್ಲವನ್ನು. ಒಳಗೆ ಬೇಕಾದ ಒರಟುತನ ಅದು, ಹೊರಗೆ ಬೇಡವಾದದ್ದು.

ಏಳನೇ ಹೆಜ್ಜೆ: ಕಲೆ ಬಂದೇಬಿಟ್ಟಿದ್ದರೆ, ಎಲ್ಲಿ ಅಂತ ನೋಡಿ

ಹೊಸ ಕ್ಯಾಪಿಗೆ ದುಡ್ಡು ಕೊಡುವ ಮುಂಚೆ ಕಿಟಕಿಯ ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿ.

ಕಚ್ಚುವ ಜಾಗದಲ್ಲಿ, ಅಥವಾ ಅವತ್ತು ಉಜ್ಜಿದ್ದು ನೆನಪಿರುವ ಜಾಗದಲ್ಲಿ ಮಚ್ಚೆಯ ಹಾಗೆ ಕಲೆ ಇದ್ದರೆ ಅದು ಒರಟು ಮೈಯ ಕಲೆ. ಪಾಲಿಶ್ ಮಾಡಿದರೆ ಹೋಗುವ ಸಾಧ್ಯತೆ ಜಾಸ್ತಿ. ಕ್ಯಾಪ್ ಬದಲಿಸಲೇಬೇಕು ಅಂತ ಯಾರಾದರೂ ಹೇಳಿದರೆ ಮೊದಲು ಪಾಲಿಶ್ ಮಾಡಿ ನೋಡೋಣ ಅನ್ನಿ.

ಒಸಡಿನ ಅಂಚಿನಲ್ಲಿ ಕಪ್ಪು ಅಥವಾ ಬೂದು ಗೆರೆ ಇದ್ದು, ಕ್ಯಾಪ್ ಒಳಗೆ ಲೋಹದ್ದಾಗಿದ್ದರೆ, ಅದು ಕಲೆಯೇ ಅಲ್ಲ. ಒಸಡು ಸ್ವಲ್ಪ ಹಿಂದೆ ಸರಿದು ಲೋಹದ ಅಂಚು ಇಣುಕುತ್ತಿದೆ. ಎಷ್ಟು ತಿಕ್ಕಿದರೂ ಹೋಗದು.

ಅಂಚಿನಲ್ಲೇ ಕೂದಲೆಳೆಯಂಥ ಕಂದು ಗೆರೆ ಇದ್ದರೆ ಅದು ಕ್ಯಾಪಿಗೂ ಹಲ್ಲಿಗೂ ನಡುವಿನ ಸಿಮೆಂಟ್ ಬಣ್ಣ ಹಿಡಿದಿರುವುದು. ರೆಸಿನ್ ಸಿಮೆಂಟ್ ಸೆರಾಮಿಕ್ಕಿನ ಹಾಗಲ್ಲ, ಬಣ್ಣ ಹೀರುತ್ತದೆ. ಅಂಚನ್ನು ತೀಡಿ ಪಾಲಿಶ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ಅಲ್ಲಿ ಸಂದು ಬಿದ್ದು ಹುಳುಕು ಶುರುವಾಗಿದೆಯಾ ಅಂತ ಡಾಕ್ಟರ್ ಪರೀಕ್ಷಿಸಲೇಬೇಕು. ಇದನ್ನು ಮುಂದೂಡಬೇಡಿ.

ಕ್ಯಾಪಿನ ನಡುವೆ ಗೆರೆ ಇದ್ದರೆ ಬಿರುಕಿರಬಹುದು. ಬಿರುಕಿಗೆ ಪಾಲಿಶ್ ಮದ್ದಲ್ಲ. ಇಡೀ ಹಲ್ಲು ಒಳಗಿನಿಂದ ಮಂಕಾಗಿ ಕಂಡರೆ ಅದು ಕೆಳಗಿರುವ ಹಲ್ಲಿನದೋ, ರೂಟ್ ಕೆನಾಲ್ ಆದ ಹಲ್ಲಿಗೆ ಹಾಕಿದ ಲೋಹದ ಕಡ್ಡಿಯದೋ ನೆರಳು. ಬೆಳಕು ಹಾಯುವ ತೆಳು ಕ್ಯಾಪಿನಲ್ಲಿ ಇದು ಜಾಸ್ತಿ ಕಾಣುತ್ತದೆ.

ಪಾಲಿಶ್ ಮಾಡಿಸುವಾಗ ಒಂದು ಎಚ್ಚರ. ಮುಂದಿನ ಹಲ್ಲಿನಲ್ಲಿ ಟೆಕ್ನಿಶಿಯನ್ ಹಚ್ಚಿದ ಬಣ್ಣ ಇದ್ದರೆ ದಪ್ಪ ರಬ್ಬರಿನಿಂದ ಶುರು ಮಾಡಬೇಡಿ ಅನ್ನಿ. ನಯವಾದ ತುದಿಯಿಂದ ಮೊದಲು ಪ್ರಯತ್ನಿಸಲಿ. ಕಲೆ ಅದರಲ್ಲೇ ಹೋದರೆ ಗ್ಲೇಜೂ ಉಳಿಯಿತು, ಬಣ್ಣವೂ ಉಳಿಯಿತು.

ಇನ್ನೊಂದು ಸಣ್ಣ ಕೆಲಸ, ಖರ್ಚಿಲ್ಲದ್ದು. ಕ್ಯಾಪ್ ಕೂರಿಸಿದ ಮಾರನೇ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು, ಫ್ಲ್ಯಾಶ್ ಹಾಕದೆ, ಅಕ್ಕಪಕ್ಕದ ಹಲ್ಲೂ ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಕೂರಿಸಿದ ದಿನವೇ ಕ್ಲಿನಿಕ್ಕಿನಲ್ಲಿ ತೆಗೆದದ್ದು ಲೆಕ್ಕಕ್ಕೆ ಬಾರದು. ತುಂಬಾ ಹೊತ್ತು ಬಾಯಿ ತೆರೆದು ಕೂತಾಗ ಸ್ವಂತ ಹಲ್ಲು ಒಣಗಿ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಆರು ತಿಂಗಳಾದ ಮೇಲೆ ಅದೇ ಕಿಟಕಿ, ಅದೇ ಹೊತ್ತು, ಇನ್ನೊಂದು ಫೋಟೋ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕ್ಯಾಪ್ ಬದಲಾಗಿದೆಯೋ ಪಕ್ಕದ ಹಲ್ಲು ಬದಲಾಗಿದೆಯೋ ತಿಳಿಯುತ್ತದೆ. ನಾನು ನೋಡಿದ ಹಾಗೆ, ಎಷ್ಟೋ ಸಲ ಬದಲಾಗಿರುವುದು ಪಕ್ಕದ ಹಲ್ಲು.